ಒಲೆಗಾರನಿಗೆ ಒಂದು ಲೋಟ ಹಾಲು

ಓಮ್ಸ್ಕ್ ಪಟ್ಟಣದಲ್ಲಿ ಹೊಸ ಒಲೆಗೆ ಮೊದಲ ಬೆಂಕಿ ಹಾಕಿದ ದಿನ ಮನೆಯ ಯಜಮಾನ ತನ್ನ ಕೈಯಾರೆ ಒಲೆಗಾರನಿಗೆ ಒಂದು ಲೋಟ ವೋಡ್ಕಾ ಸುರಿದು ಕೊಡಬೇಕು. ಕೂಲಿ ಬೇರೆ, ಇದು ಬೇರೆ. ಸೈಬೀರಿಯಾದ ಚಳಿಯಲ್ಲಿ ಜೀವ ಹಿಡಿದಿಡುವುದು ಮನೆ ನಡುವೆ ನಿಂತ ಇಟ್ಟಿಗೆಯ ಒಲೆಯೇ ಹೊರತು ಸರ್ಕಾರವಲ್ಲ. ಅಂಥದನ್ನು ಕಟ್ಟಿದವನಿಗೆ ಒಂದು ಲೋಟದ ಮರ್ಯಾದೆ ಹೆಚ್ಚಾಯಿತೆಂದು ಯಾರೂ ಗೊಣಗಿದ್ದಿಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಚರ್ಮದ ವ್ಯಾಪಾರಿಯೂ ಸುರಿದಿದ್ದ. ಪಾದ್ರಿಗಳ ಮನೆಯಲ್ಲಂತೂ ಕೇಳುವ ಮೊದಲೇ ಎರಡನೆಯದು ಬರುತ್ತಿತ್ತು.

ಸುರಿಯದೆ ಹೋದವನು ಅಮೆರಿಕದವನೊಬ್ಬನೇ.

ರೈಲು ಬಂದ ಮೇಲೆ ಓಮ್ಸ್ಕಿಗೆ ಬೆಣ್ಣೆ ಕೊಳ್ಳಲು ಡೇನರು ಬಂದರು, ಕೊಯ್ಲಿನ ಯಂತ್ರ ಮಾರಲು ಅಮೆರಿಕದವರು ಬಂದರು. ಹಾಗೆ ಬಂದವರಲ್ಲಿ ಏಮಸ್ ವಿಟ್ಕಂ ಒಬ್ಬ. ಉದ್ದನೆಯ ಆಳು, ಕೆಂಪು ಕಿವಿ, ನಡೆದರೆ ಏಣಿ ನಡೆದ ಹಾಗೆ. ಅವನ ತಂದೆಯ ಹೆಸರು ಜಾನ್ ಎಂದು ಗೊತ್ತಾದ ದಿನವೇ ಊರು ಅವನನ್ನು ಅಮೋಸ್ ಇವಾನೊವಿಚ್ ಮಾಡಿಕೊಂಡಿತು. ತಂದೆಯ ಹೆಸರು ಸೇರಿಸದೆ ಮರ್ಯಾದಸ್ಥನೊಬ್ಬನನ್ನು ಕರೆಯುವುದಾದರೂ ಹೇಗೆ? ಅವನು ಮದ್ಯ ಮುಟ್ಟದವನು. ತಾನು ಮುಟ್ಟದಿದ್ದರೆ ಹೋಗಲಿ, ಅವನ ಮನೆಯಲ್ಲಿ ಮದ್ಯದ ಯಾವ ಬಾಟಲಿಯೂ ಇರುತ್ತಿರಲಿಲ್ಲ. ಊರಿಗೊಂದು ದಾರಿ ಎಂದು ಜನ ನಕ್ಕು ಸುಮ್ಮನಾಗಿದ್ದರು.

ಆ ಮನೆಯ ಅಡುಗೆಯವಳು ಗ್ಲಫೀರಾ. ಓಂ ನದಿಯ ದಡದ ಆ ಮರದ ಮನೆಯ ಹಳೆಯ ಒಲೆ ಬಿರುಕು ಬಿಟ್ಟಾಗ, "ನಮ್ಮ ಮುದುಕನಿಗಿಂತ ಒಳ್ಳೆ ಒಲೆಗಾರ ಈ ಊರಲ್ಲಿಲ್ಲ" ಎಂದು ಗಂಡ ಯೆವ್ಸೇಯ್‌ನನ್ನು ಕರೆತಂದವಳೂ ಅವಳೇ. ಗಂಡಹೆಂಡಿರ ಮನೆ ಅದೇ ಬೀದಿಯ ಕೊನೆಯಲ್ಲಿತ್ತು. ಹೊಗಳಿ ಕರೆತಂದವಳು ಬಂದ ಮೇಲೆ ಯಜಮಾನನ ಕಿವಿಯಲ್ಲಿ ಒಂದು ಮಾತು ಹಾಕಬೇಕಿತ್ತು: ಅಯ್ಯಾ, ನಮ್ಮ ಕಡೆ ಹೀಗೊಂದು ಪದ್ಧತಿ ಇದೆ ಅಂತ. ಹಾಕಲಿಲ್ಲ. ಉಸಿರಾಡುವುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ? ಇದೂ ಹಾಗೆಯೇ ಎಂದು ಅವಳು ಅಂದುಕೊಂಡಿದ್ದಳು.

ಸೆಪ್ಟೆಂಬರ್ ಕೊನೆಯಲ್ಲಿ ಒಲೆಗೆ ಮೊದಲ ಬೆಂಕಿ ಬಿತ್ತು. ಹೊಗೆ ಒಂದು ಎಳೆಯೂ ಒಳಗೆ ಬಾರದೆ ನೆಟ್ಟಗೆ ಮೇಲೆ ಹೋಯಿತು. ಯೆವ್ಸೇಯ್ ಕೈ ತೊಳೆದು, ಹೊಟ್ಟೆಯವರೆಗಿನ ಗಡ್ಡ ನೀವಿಕೊಂಡು, ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತ. ಅಮೋಸ್ ಇವಾನೊವಿಚ್ ಕೂಲಿ ಕೊಟ್ಟ, ಮೇಲೆ ಸ್ವಲ್ಪ ಕೊಟ್ಟ, ಕೈ ಕುಲುಕಿದ. ಯೆವ್ಸೇಯ್ ಕದಲಲಿಲ್ಲ. ಅಮೆರಿಕದವನಿಗೆ ಏನೋ ಹೊಳೆದ ಹಾಗಾಯಿತು. ಅಡುಗೆಮನೆಗೆ ತಾನೇ ಹೋಗಿ, ದೊಡ್ಡ ಲೋಟವೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದ.

"ಯೆವ್ಸೇಯ್ ಪಂಕ್ರಾತಿಚ್, ತಾವು ಕಟ್ಟಿದ ಒಲೆ ಅತ್ಯುತ್ತಮವಾಗಿದೆ. ದಯವಿಟ್ಟು ಸ್ವೀಕರಿಸಬೇಕು" ಎಂದ. ಅವನು ರಷ್ಯನ್ ಭಾಷೆಯನ್ನು ಪುಸ್ತಕದಿಂದ ಕಲಿತವನು.

ಲೋಟದಲ್ಲಿದ್ದದ್ದು ಹಾಲು. ಬಿಸಿ ಹಾಲು, ಮೇಲೆ ಕೆನೆ ಬೇರೆ.

ಅಂಗಳದಲ್ಲಿ ಉಳಿದ ಇಟ್ಟಿಗೆ ಒಯ್ಯಲು ಬಂದಿದ್ದ ಗಾಡಿಯವನು ತೆರೆದ ಬಾಗಿಲಿನಿಂದ ಇದನ್ನು ನೋಡಿ, ನಗು ತಡೆಯಲಾರದೆ ಕುದುರೆಯ ಕುತ್ತಿಗೆಯಲ್ಲಿ ಮುಖ ಮುಚ್ಚಿಕೊಂಡ. ಯೆವ್ಸೇಯ್ ಹಾಲು ಕುಡಿದ. ಗಡ್ಡಕ್ಕೆ ಅಂಟಿದ ಕೆನೆ ಒರೆಸಿಕೊಂಡ. "ಗಾರೆ ಕರಣೆ ಮೇಲೆ ಮರ್ತ್‌ಬಂದೆ" ಎಂದು ಗೊಣಗಿ ಮತ್ತೆ ಮಾಡು ಹತ್ತಿದ. ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದ ಗ್ಲಫೀರಾಗೆ ಕರಣೆ ಅವನ ಸೊಂಟದಲ್ಲೇ ಇದ್ದದ್ದು ಕಂಡಿತು. ಅಂಗಿಯೊಳಗೆ ಇನ್ನೇನೋ ಉಬ್ಬಿದ್ದದ್ದೂ ಕಂಡಿತು. ಅವಳು ಕಣ್ಣು ಕೆಳಗೆ ಮಾಡಿ ಎಲೆಕೋಸು ಹೆಚ್ಚತೊಡಗಿದಳು.

ಸಂಜೆಯೊಳಗೆ ಸಂತೆಗೆಲ್ಲ ಸುದ್ದಿ. "ಯೆವ್ಸೇಯ್ ತಾತಾ, ಕೆಚ್ಚಲಿಗೆ ಬಾಯಿ ಹಾಕಿದ್ಯೋ, ಲೋಟದಲ್ಲಿ ಕೊಟ್ರೋ?" ಎಂದು ಒಬ್ಬ. "ಕರು ಮಲಗೋ ಹೊತ್ತಾಯ್ತು, ದಾರಿ ಬಿಡ್ರಪ್ಪಾ" ಎಂದು ಇನ್ನೊಬ್ಬ. ಐವತ್ತೆಂಟರ ಗಂಡಸು, ಅರ್ಧ ಊರನ್ನು ಬೆಚ್ಚಗೆ ಮಾಡಿದವನು, ಕರು ಎನಿಸಿಕೊಂಡ.

ಅಕ್ಟೋಬರಿನಲ್ಲಿ ಹುಲ್ಲುಗಾವಲ ಕಡೆಯಿಂದ ಮೊದಲ ಗಾಳಿ ಎದ್ದಿತು. ಎದ್ದ ದಿನವೇ ಅಮೆರಿಕದವರ ಹೊಗೆಗೂಡು ಅತ್ತಿತು. ಊ... ಎಂದು ಕೆಳಗಿನಿಂದ ಸುರುವಾಗಿ, ಮೇಲೆ ಏರಿ, ಮತ್ತೆ ಇಳಿದು, ಮಗು ಕಳೆದುಕೊಂಡವಳು ಅಳುವ ಹಾಗೆ. ಗ್ಲಫೀರಾ ಸೌಟು ಹಿಡಿದ ಕೈ ಹಾಗೇ ನಿಲ್ಲಿಸಿದಳು. ಒಲೆಗಾರನ ಹೆಂಡತಿಗೆ ಇದೇನೆಂದು ಯಾರೂ ಹೇಳಬೇಕಿಲ್ಲ. ಒಡೆದ ಬಾಟಲಿಯ ಕತ್ತನ್ನು ಹೊಗೆಗೂಡಿನ ಇಟ್ಟಿಗೆಗಳ ಮಧ್ಯೆ ಗಾಳಿಗೆ ಬಾಯಿ ಮಾಡಿ ಕೂರಿಸಿದರೆ ಹೀಗೇ ಅಳುತ್ತದೆ. ಲೋಟ ಮರೆತ ಮನೆಗೆ ಒಲೆಗಾರರು ಕೊಡುವ ಶಿಕ್ಷೆ ಅದು.

ಆದರೆ ಶಿಕ್ಷೆ ತಗುಲಿದ್ದು ಅಮೋಸ್ ಇವಾನೊವಿಚ್‌ಗಲ್ಲ. ಅವನು ಹಗಲೆಲ್ಲ ಗೋದಾಮಿನಲ್ಲಿ ಯಂತ್ರಗಳ ಮಧ್ಯೆ ಇರುವವನು. ತಗುಲಿದ್ದು ಅವನ ಹೆಂಡತಿ ಡೀಲಿಯಾಗೆ, ತುಂಬು ಬಸುರಿಗೆ.

ಡೀಲಿಯಾ ರಷ್ಯನ್ ಭಾಷೆ ಕಲಿತದ್ದು ಪುಸ್ತಕದಿಂದಲ್ಲ, ಅಡುಗೆಮನೆಯ ಬೆಂಚಿನ ಮೇಲೆ, ಗ್ಲಫೀರಾಳ ಪಕ್ಕ ಕೂತು, ಮಾಂಸದ ಕಡುಬು ಮಡಚುತ್ತ. ಹಾಗಾಗಿ ಅವಳ ಬಾಯಲ್ಲಿ ಬರುತ್ತಿದ್ದದ್ದು ಅಪ್ಪಟ ಅಡುಗೆಯವರ ಮಾತು. ಗವರ್ನರರ ಹೆಂಡತಿ ಚಹಾಕ್ಕೆ ಬಂದಾಗ ಈ ಹುಡುಗಿ ಕುರ್ಚಿ ಎಳೆದು, "ಕುಂತ್ಕಳವ್ವ, ಕಾಲು ನೋಯ್ತಾವೇನೋ" ಎಂದಿದ್ದಳು. ಆ ದೊಡ್ಡಮ್ಮ ಬೆಪ್ಪಾಗಿ ಕೂತೇಬಿಟ್ಟಿತು. ಆವತ್ತು ಅಡುಗೆಮನೆಯಲ್ಲಿ ಗ್ಲಫೀರಾ ನಕ್ಕು ನಕ್ಕು ಮುಂಗೈಯಲ್ಲಿ ಕಣ್ಣೊರೆಸಿಕೊಂಡು, "ಮಗಳೇ, ನನ್ನ ಕೆಲಸಕ್ಕೆ ನೀನೇ ಸಂಚಕಾರ ತರ್ತೀಯ" ಎಂದಳು. ಮಗಳೇ ಎಂದು ಬಾಯಿಗೆ ಬಂದದ್ದು ಆಗಲೇ ಮೊದಲು. ಗ್ಲಫೀರಾಗೆ ಒಬ್ಬಳು ಮಗಳಿದ್ದಳು, ಚಿಕ್ಕಂದಿನಲ್ಲೇ ಗಂಟಲು ಬೇನೆಯಲ್ಲಿ ಹೋದಳು. ಆಮೇಲೆ ಆ ಮಾತನ್ನು ಯಾರಿಗೂ ಆಡಿರಲಿಲ್ಲ. ಡೀಲಿಯಾ ಮರುದಿನದಿಂದ ಅವಳನ್ನು ಗ್ಲಾಶಾ ಚಿಕ್ಕಮ್ಮ ಎಂದು ಕರೆಯತೊಡಗಿದಳು.

ಆ ಡೀಲಿಯಾ ಈಗ ಗಾಳಿ ಎದ್ದರೆ ಕಿವಿ ಮುಚ್ಚಿಕೊಂಡು ಕೂರುತ್ತಿದ್ದಳು. ಅಮೆರಿಕದಲ್ಲಿದ್ದಾಗ ಅವಳಿಗೆ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. "ಅದೇ ಅಳ್ತಾ ಐತೆ ಚಿಕ್ಕಮ್ಮ. ಹುಡುಕ್ಕೊಂಡು ಬಂದೈತೆ" ಎಂದು ಬಿಕ್ಕಿದಳು.

"ಛೀ, ಬಿಡ್ತು ಅನ್ನು. ಮನೆ ಕಾಯೋ ಅಜ್ಜ ಅದು, ಒಲೆ ಹಿಂದೆ ಇರ್ತಾನೆ. ಹಸಿವಾಗಿರ್ಬೇಕು" ಎಂದು ಗ್ಲಫೀರಾ ಸುಳ್ಳು ಹೇಳಿದಳು. ಅಂದಿನಿಂದ ಡೀಲಿಯಾ ದಿನಾ ಸಂಜೆ ಗಂಡನಿಗೆ ಕಾಣದ ಹಾಗೆ ಒಲೆಯ ಹಿಂದೆ ಒಂದು ತುಂಡು ರೊಟ್ಟಿ ಇಡುತ್ತಿದ್ದಳು. ಬೆಳಿಗ್ಗೆ ಗ್ಲಫೀರಾ ಅದನ್ನು ತೆಗೆದು ಕೋಳಿಗೆ ಹಾಕುತ್ತಿದ್ದಳು.

ಅಮೋಸ್ ಇವಾನೊವಿಚ್ ಇನ್ನೊಬ್ಬ ಒಲೆಗಾರ ಲುಕ್ಯಾನ್‌ನನ್ನು ಕರೆಸಿದ. ಲುಕ್ಯಾನ್ ಮಾಡು ಹತ್ತಿದ, ನೋಡಿದ, ಇಳಿದ. "ಏನೂ ಇಲ್ಲ ಸ್ವಾಮಿ. ಗಾಳಿ" ಎಂದ. ಆಮೇಲೆ ಅಡುಗೆಮನೆಗೆ ಬಂದು ಗ್ಲಫೀರಾಳ ಹತ್ತಿರ ಮೆಲ್ಲಗೆ, "ನಿನ್ನ ಮುದುಕನ ಕೈ ಅಲ್ವಾ?" ಎಂದು ಕೇಳಿದ.

"ತೆಗೆದುಬಿಡು ಲುಕ್ಯಾನ್, ನಿನ್ನ ಕಾಲಿಗೆ ಬೀಳ್ತೀನಿ."

"ಏನವ್ವಾ, ನಂಗೇನು ತಲೆ ಕೆಟ್ಟೈತಾ? ಇನ್ನೊಬ್ಬ ಒಲೆಗಾರ ಇಟ್ಟಿದ್ದನ್ನ ನಾನು ಮುಟ್ಟಿದ್ರೆ ನಾಳೆ ನಾನಿಟ್ಟಿದ್ದನ್ನ ಯಾರೋ ಮುಟ್ತಾರೆ. ಇಟ್ಟೋನೇ ತೆಗೀಬೇಕು." ಟೋಪಿ ಹಾಕಿಕೊಂಡು ಹೊರಟುಹೋದ.

ಆ ವಾರವೇ ಅಮೋಸ್ ಇವಾನೊವಿಚ್ ಕಂಪನಿಗೆ ತಂತಿ ಕೊಟ್ಟ. ಒದೆಸಾದಲ್ಲಿ ಅದೇ ಕೆಲಸ ಖಾಲಿ ಇದೆಯಂತೆ, ಸಮುದ್ರದ ಊರು, ಬೆಚ್ಚಗಿರುತ್ತದಂತೆ. ಮಗು ಹುಟ್ಟಿ ಬಾಣಂತಿ ಎದ್ದು ಓಡಾಡುವ ಹೊತ್ತಿಗೆ ಈ ಮನೆ ಸುಮ್ಮನಾದರೆ ಸರಿ, ಇಲ್ಲದಿದ್ದರೆ ಹೊರಡುವುದೇ ಎಂದು ಹೆಂಡತಿಗೆ ಮಾತು ಕೊಟ್ಟ. ಡೀಲಿಯಾ ಅದನ್ನು ಅಡುಗೆಮನೆಗೆ ಬಂದು ಹೇಳಿದಳು. "ನಂಗೆ ಹೋಗಕ್ಕೆ ಇಷ್ಟ ಇಲ್ಲ. ಅಲ್ಲಿ ನೀನಿರಲ್ಲ. ಆದ್ರೆ ಈ ಅಳು ಕೇಳ್ಕೊಂಡು ಮಗೂನ ಎಂಗೆ ಸಾಕ್ಲಿ ಚಿಕ್ಕಮ್ಮ?"

ಗ್ಲಫೀರಾ ಮನೆಗೆ ಹೋಗಿ ಗಂಡನ ಮುಂದೆ ಗಂಜಿಯ ಬಟ್ಟಲನ್ನು ಕುಕ್ಕಿದಳು.

"ಮುದುಕಾ, ನಿನ್ನ ಬಾಟ್ಲಿ ತೆಗಿ."

"ಯಾವ ಬಾಟ್ಲಿ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ನಂತೆ. ಗಡ್ಡ ಯಾಕೆ ಮುಟ್ಕೋತೀಯ?"

"ನಂಗೇನು ಕುಡಿಯೋ ಚಪಲ ಅಂದ್ಕೊಂಡ್ಯಾ ಮುದುಕಿ? ಕುಡೀಬೇಕಂದ್ರೆ ಅಂಗಡೀಲಿ ಸಿಗಲ್ವಾ? ಅವ್ನು ಸುರೀಲಿ. ಅವ್ನ ಕೈಯಾರೆ. ನಾನು ಮೂಸಿ ನೋಡಿ ಇಟ್ಬುಡ್ತೀನಿ ಬೇಕಾದ್ರೆ. ಊರಲ್ಲಿ ನನ್ನ ಕರು ಅಂತಾರೆ ಕಣೇ, ಕರು!"

"ಆ ಹುಡುಗಿ ಅಳ್ತದೆ."

"ನಂಗೂ ಅಳು ಬಂದಿತ್ತು ಆವತ್ತು" ಎಂದ ಯೆವ್ಸೇಯ್, ಮತ್ತೆ ಗಂಜಿಯ ಕಡೆ ತಿರುಗಿದ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಾಯಿತು ಗ್ಲಫೀರಾಗೆ. ಅಮೆರಿಕದವನಿಗೆ ಹೇಳಿದರೆ ಗಂಡನ ಮಾನ ಹೋಗುತ್ತದೆ, ತಾನು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದದ್ದು ಬಯಲಾಗುತ್ತದೆ. ಹೇಳದಿದ್ದರೆ ಡೀಲಿಯಾ ರೈಲು ಹತ್ತುತ್ತಾಳೆ. ಯಾವುದೂ ಮಾಡದೆ ಅವಳು ಚಳಿಗಾಲದೊಳಗೆ ನಡೆದಳು, ಎಲ್ಲ ಹೆಂಗಸರೂ ಮಾಡುವ ಹಾಗೆ, ನಾಳೆ ನೋಡೋಣ ಎಂದುಕೊಂಡು.

ಡಿಸೆಂಬರಿನ ಹಿಮಗಾಳಿಯಲ್ಲಿ ಡೀಲಿಯಾಗೆ ನೋವು ಬಂದಿತು. ಹಗಲು ಹೊತ್ತೇ, ಆದರೆ ಎದುರು ಮನೆಯ ಬೇಲಿ ಕಾಣಿಸದಷ್ಟು ಬಿಳಿ ಕತ್ತಲೆ. ಸೂಲಗಿತ್ತಿ ಒಳಗಿನ ಕೋಣೆಯಲ್ಲಿ, ಗ್ಲಫೀರಾ ಬಿಸಿನೀರಿನ ಜೊತೆ ಒಳಗೆ ಹೊರಗೆ. ಅಮೋಸ್ ಇವಾನೊವಿಚ್ ಅಡುಗೆಮನೆಯ ಬೆಂಚಿನ ಮೇಲೆ ಉದ್ದ ಕಾಲು ಎಲ್ಲಿಡಬೇಕೋ ತಿಳಿಯದೆ ಕೂತಿದ್ದ. ಹೊಗೆಗೂಡು ಹಿಂದೆಂದೂ ಅಳದ ಹಾಗೆ ಅಳುತ್ತಿತ್ತು. ಅವನನ್ನು ನೋಡಿ ಗ್ಲಫೀರಾಗೆ ಕನಿಕರವಾಯಿತು. ಕೀಲುನೋವಿಗೆ ಉಜ್ಜಿಕೊಳ್ಳಲೆಂದು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟಿದ್ದ ವೋಡ್ಕಾದ ಪುಟ್ಟ ಸೀಸೆ ತೆಗೆದಳು.

"ಒಂದೇ ಒಂದು ಗುಟುಕು ತಗಳಿ ಸ್ವಾಮಿ. ಔಷಧಿ ಅಂದ್ಕಳಿ. ದೇವ್ರು ಇವತ್ತು ನೋಡಲ್ಲ, ಹಿಮ ಅಡ್ಡ ಐತೆ."

ಅವನು ಬೈಯಲಿಲ್ಲ. ಸೀಸೆಯನ್ನು ಮೆಲ್ಲಗೆ ಆಚೆ ಸರಿಸಿದ. ಆಮೇಲೆ, ತನ್ನ ಪುಸ್ತಕದ ಭಾಷೆಯಲ್ಲಿ, ಪದ ಹುಡುಕಿ ಹುಡುಕಿ ಹೇಳಿದ:

"ನನ್ನ ತಂದೆ ಇದನ್ನು ಕುಡಿಯುತ್ತಿದ್ದರು. ಇಂಥದೇ ಹಿಮ. ಬೆಳಿಗ್ಗೆ ನಾನು ಹಸುವಿನ ಬಳಿಗೆ ಹೋಗುವಾಗ ಬಾಗಿಲು ತೆರೆಯಲಿಲ್ಲ. ತಂದೆಯವರು ಬಾಗಿಲಿಗೆ ಒರಗಿಕೊಂಡಿದ್ದರು. ಬಹುಶಃ ತಟ್ಟಿರಬೇಕು. ಗಾಳಿ ಹೀಗೆಯೇ ಕೂಗುತ್ತಿತ್ತು, ನಮಗೆ ಕೇಳಿಸಲಿಲ್ಲ."

ಗ್ಲಫೀರಾ ಶಿಲುಬೆ ಗುರುತು ಹಾಕಿಕೊಂಡಳು.

"ನಂತರ ನನ್ನ ತಾಯಿ ಮನೆಗೆ ಕೆಲಸಕ್ಕೆ ಬಂದವರಿಗೆಲ್ಲ ಹಾಲು ಕೊಡುತ್ತಿದ್ದರು. ನಮ್ಮಲ್ಲಿ ಒಂದೇ ಹಸು. ಬಡಗಿಗೆ ಒಂದು ಲೋಟ ಕೊಟ್ಟರೆ ಆ ದಿನ ಮಕ್ಕಳಿಗೆ ಇಲ್ಲ. ತಾಯಿ ಹೇಳುತ್ತಿದ್ದರು, ಮನೆಯಲ್ಲಿ ಇರುವುದರಲ್ಲಿ ಅತ್ಯುತ್ತಮವಾದುದನ್ನು ಕೊಡಬೇಕು." ಅವನು ಒಲೆಯನ್ನು ನೋಡಿದ. "ನಿಮ್ಮ ಪತಿಯವರಿಗೂ ಕೊಟ್ಟೆ. ಅವರಿಗೆ ಇಷ್ಟವಾಗಲಿಲ್ಲ ಎಂದು ತೋರುತ್ತದೆ. ಆಮೇಲೆ ನಮ್ಮ ಮನೆಗೆ ಅವರು ಬರಲೇ ಇಲ್ಲ."

ಗ್ಲಫೀರಾಗೆ ನೆಲ ಬಾಯಿಬಿಡಬಾರದೇ ಅನಿಸಿತು. ಅಷ್ಟರಲ್ಲಿ ಒಳಗಿನಿಂದ ಎಳೆಯ ಕೂಗೊಂದು ಕೇಳಿಬಂತು, ಇಬ್ಬರೂ ಎದ್ದು ಓಡಿದರು. ಹೆಣ್ಣು. ಕೆಂಪು ಕಿವಿ, ಅಪ್ಪನದೇ. ಕೂಗಿದ್ದು ಅಷ್ಟೇ, ಹೊಗೆಗೂಡು ಊ ಎನ್ನುತ್ತಿದ್ದ ಹಾಗೆ ಕೂಸು ಕಣ್ಣು ಮುಚ್ಚಿ ನಿದ್ದೆ ಹೋಯಿತು. "ಎಂಥ ಬುದ್ಧಿವಂತೆ ನೋಡು ನಮ್ಮ ಗುಬ್ಬಿ" ಎಂದಳು ಗ್ಲಫೀರಾ. ಹಿಮಗಾಳಿ ಬೀಸಿದಷ್ಟು ದಿನವೂ ಮಗು ಹಾಗೆಯೇ ಮಲಗಿತು.

ಗಾಳಿ ಕಡಿಮೆಯಾದ ಮೇಲೆ ಮನೆಗೆ ಹೋದವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಬಾಗಿಲಿಗೆ ಒರಗಿದ್ದ ಅಪ್ಪ, ಒಂದೇ ಹಸು, ಮಕ್ಕಳಿಗಿಲ್ಲದ ಹಾಲು. ಯೆವ್ಸೇಯ್ ಕೇಳುತ್ತ ಕೇಳುತ್ತ ಊಟ ನಿಲ್ಲಿಸಿದ. ಅವನದೇ ತಮ್ಮ ಯೆಫ್ರೇಮ್ ಹಿಮದಲ್ಲಿ ಸತ್ತು ಸಿಕ್ಕಿದ್ದೂ ಹಾಗೆಯೇ, ಸರಾಯಿ ಅಂಗಡಿಯಿಂದ ಬರುವ ದಾರಿಯಲ್ಲಿ, ಸ್ವಂತ ಬೇಲಿಯನ್ನು ಅಪ್ಪಿಕೊಂಡು. ಆ ಹೆಸರನ್ನು ಅವರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ಮೊದಲೇ ಹೇಳ್ಬಾರ್ದಿತ್ತಾ ಆ ಮನುಷ್ಯ" ಎಂದ ಕೊನೆಗೆ.

"ನೀನು ಕೇಳಿದ್ಯಾ?"

ಮರುದಿನ ಬೆಳಿಗ್ಗೆ, ಅಮೋಸ್ ಇವಾನೊವಿಚ್ ಗೋದಾಮಿಗೆ ಹೋದ ಮೇಲೆ, ಯೆವ್ಸೇಯ್ ಏಣಿ ಹೊತ್ತು ಬಂದ. ಮಾಡಿನ ಹಿಮ ಕೆಡವುತ್ತೇನೆ ಎಂದ. ಹಿಮ ಕೆಡವಿದ. ಇಳಿಯುವಾಗ ಅಂಗಿಯೊಳಗೆ ಏನೋ ಉಬ್ಬಿತ್ತು. ಅವನು ಹೆಂಡತಿಯ ಕಡೆ ನೋಡದೆ ಏಣಿ ಹೊತ್ತು ಹೊರಟ. ಅವಳ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಎಲ್ಲ ಮುಗಿಯಿತು, ಯಾರಿಗೂ ಏನೂ ಗೊತ್ತಾಗಲಿಲ್ಲ, ಡೀಲಿಯಾ ಇಲ್ಲೇ ಇರುತ್ತಾಳೆ.

ಸಿಟ್ಟಿನಲ್ಲಿ ಕೊಯ್ದ ಮೂಗು ಅಷ್ಟು ಸುಲಭಕ್ಕೆ ಹತ್ತುವುದಾಗಿದ್ದರೆ ಇನ್ನೇನು! ಮತ್ತೆ ಗಾಳಿ ಬೀಸಿತು, ಮನೆ ಅಳಲಿಲ್ಲ. ಮಗು ಅತ್ತಿತು. ಹಾಲು ಕೊಟ್ಟರೂ ಅತ್ತಿತು, ಹೆಗಲ ಮೇಲೆ ಹಾಕಿದರೂ ಅತ್ತಿತು, ಸೋಂಪಿನ ನೀರಿಗೂ ಅತ್ತಿತು. ಡಾಕ್ಟರು ಬಂದು ಹೊಟ್ಟೆ ಒತ್ತಿ, ಕಿವಿ ನೋಡಿ, ಮಗು ಗಟ್ಟಿಮುಟ್ಟಾಗಿದೆ ಎಂದು ಹೇಳಿ ಹೋದರು. ಗಟ್ಟಿಮುಟ್ಟಾದದ್ದು ಇನ್ನೂ ಜೋರಾಗಿ ಅತ್ತಿತು. ಡೀಲಿಯಾಳ ಕಣ್ಣು ಗುಳಿ ಬಿದ್ದವು, ಎದೆಹಾಲು ಕಡಿಮೆಯಾಯಿತು. ಕೊನೆಗೊಂದು ಮಧ್ಯಾಹ್ನ ಅಮೋಸ್ ಇವಾನೊವಿಚ್ ಒದೆಸಾಕ್ಕೆ ರೈಲಿನ ಟಿಕೆಟ್ ತಂದು ಮೇಜಿನ ಮೇಲಿಟ್ಟ. "ಈ ಮನೆ ನಮಗೆ ಆಗಿಬರುವುದಿಲ್ಲ" ಎಂದ.

ಗ್ಲಫೀರಾ ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಬಂದಳು. ಬೆಂಚಿನ ಮೇಲೆ ಕೂತು, ತೊಳೆದಿಟ್ಟ ಖಾಲಿ ಬಾಟಲಿಯೊಂದನ್ನು ಸುಮ್ಮನೆ ಕೈಗೆತ್ತಿಕೊಂಡಳು. ಎಲ್ಲ ಶುರುವಾದದ್ದು ಇದರಿಂದಲೇ ಎಂಬ ಸಿಟ್ಟಿಗೆ ಅದರ ಬಾಯಿಗೆ ತುಟಿ ಇಟ್ಟು ಊದಿದಳು. ಊ... ಮಗು ಅಳು ನಿಲ್ಲಿಸಿತು. ಗ್ಲಫೀರಾ ಬಾಟಲಿ ಕೆಳಗಿಟ್ಟಳು. ಮಗು ಬಾಯಿ ತೆರೆಯಿತು. ಮತ್ತೆ ಊದಿದಳು. ಮಗು ರೆಪ್ಪೆ ಇಳಿಸಿತು.

ಹೊಟ್ಟೆಯಲ್ಲಿದ್ದಾಗಿನಿಂದ ಕೇಳುತ್ತ ಬಂದ ಜೋಗುಳವನ್ನು ಅದರಿಂದ ಯಾರೋ ಕದ್ದುಕೊಂಡು ಹೋಗಿದ್ದರು. ಅಷ್ಟೇ.

ಈಗ ಹೇಳದೆ ಗತಿಯಿರಲಿಲ್ಲ. ಅವಳು ಮಗುವನ್ನೂ ಬಾಟಲಿಯನ್ನೂ ಹಿಡಿದು ಒಳಗೆ ಹೋದಳು. ನಿಂತುಕೊಂಡೇ ಹೇಳಿದಳು: ಮೊದಲ ಬೆಂಕಿಯ ಲೋಟ, ಸಂತೆಯ ನಗು, ಬಾಟಲಿಯ ಕತ್ತು, ತೆಗೆದದ್ದು, ಎಲ್ಲವನ್ನೂ. "ಮೊದಲ ದಿನದಿಂದ ನಂಗೆ ಗೊತ್ತಿತ್ತು" ಎಂದದ್ದು ಕೊನೆಗೆ. ಆ ಮಾತು ಹೊರಡಿಸುವಷ್ಟು ಕಷ್ಟ ಅವಳಿಗೆ ಜೀವಮಾನದಲ್ಲಿ ಯಾವುದೂ ಆಗಿರಲಿಲ್ಲ.

ಡೀಲಿಯಾ ಬಿಳಿಚಿಕೊಂಡಳು. "ನಾನು ದಿನಾ ರೊಟ್ಟಿ ಇಡ್ತಿದ್ದೆ" ಎಂದಳು. "ನೀನು ಅಜ್ಜ ಅಂದ್ರೂ ನಾನು ಸತ್ತೋದ ನನ್ನ ಮಗೂ ಅಂದ್ಕೊಂಡು ಇಡ್ತಿದ್ದೆ. ನೀನು ನೋಡ್ಕೊಂಡು ಸುಮ್ನಿದ್ದೆ ಚಿಕ್ಕಮ್ಮ."

"ಸುಮ್ನಿದ್ದೆ ಮಗಳೇ."

ಡೀಲಿಯಾ ಮಗುವನ್ನು ಇಸಿದುಕೊಂಡು ಗೋಡೆಯ ಕಡೆ ತಿರುಗಿದಳು. ಅಮೋಸ್ ಇವಾನೊವಿಚ್ ಕೋಟು, ಟೋಪಿ ಹಾಕಿಕೊಂಡು ಹೊರಗೆ ನಡೆದ. ಪೊಲೀಸರ ಹತ್ತಿರ ಹೋಗುತ್ತಾನೆ ಎಂದುಕೊಂಡಳು ಗ್ಲಫೀರಾ. ಶಾಲು ಎಳೆದುಕೊಂಡು ಹಿಂದೆಯೇ ಓಡಿದಳು.

ಅವನು ಪೊಲೀಸ್ ಚೌಕಿಯ ಮುಂದೆ ನಿಲ್ಲಲಿಲ್ಲ. ನಿಂತದ್ದು ಸರ್ಕಾರಿ ಸರಾಯಿ ಅಂಗಡಿಯ ಮುಂದೆ. ಒಳಗೆ ಹೋದ. ಅಂಗಡಿಯ ಮುಂದೆ ನಿಂತಿದ್ದ ಗಾಡಿಯವರೆಲ್ಲ ಮಾತು ನಿಲ್ಲಿಸಿದರು. ಹೊರಗೆ ಬಂದಾಗ ಅವನ ಕೈಯಲ್ಲಿ ಕೆಂಪು ಅರಗಿನ ಮುದ್ರೆಯ ಬಾಟಲಿ ಇತ್ತು. ಸತ್ತ ಇಲಿಯನ್ನು ಬಾಲ ಹಿಡಿದು ಒಯ್ಯುವ ಹಾಗೆ ಅದನ್ನು ಮೈಯಿಂದ ದೂರ ಹಿಡಿದು, ಹಿಡಿದದ್ದನ್ನು ಮುಚ್ಚಿಡದೆ, ಇಡೀ ಬೀದಿ ನೋಡುತ್ತಿರುವಂತೆ, ಅಮೆರಿಕದವನು ನಡೆದ. "ಕರ್ತನೇ, ಪ್ರಳಯ ಬಂತು!" ಎಂದು ಗಾಡಿಯವನೊಬ್ಬ ಟೋಪಿ ತೆಗೆದ. ಅಂದು ಅಂಗಳದಲ್ಲಿ ನಿಂತು ನಕ್ಕಿದ್ದವನೇ ಅವನು.

ಬೀದಿಯ ಕೊನೆಯ ಮನೆಯಲ್ಲಿ ಯೆವ್ಸೇಯ್ ಬಾಗಿಲು ತೆರೆದು, ನೋಡಿ, ಹಿಂದಕ್ಕೆ ಸರಿದ. ಅಮೋಸ್ ಇವಾನೊವಿಚ್ ತಲೆ ಬಗ್ಗಿಸಿ ಒಳಗೆ ಬಂದು ಮೇಜಿನ ಮೇಲೆ ಬಾಟಲಿ ಇಟ್ಟ. ಬಿರಡೆ ತೆಗೆಯಲು ಬಾರದು ಪಾಪ, ಕೊನೆಗೆ ಹಲ್ಲಿನಿಂದ ಕಿತ್ತ. ಲೋಟ ಎಳೆದುಕೊಂಡು ಸುರಿದ. ಅಭ್ಯಾಸವಿಲ್ಲದೆ ಅರ್ಧ ಮೇಜಿನ ಮೇಲೆ ಬಿತ್ತು. ವಾಸನೆ ಮೇಲೆದ್ದಾಗ ಅವನ ಮುಖ ಒಂದು ಕ್ಷಣ ಚಿಕ್ಕ ಹುಡುಗನ ಮುಖದ ಹಾಗಾದದ್ದನ್ನು ಗಂಡಹೆಂಡಿರಿಬ್ಬರೂ ನೋಡಿದರು.

"ಯೆವ್ಸೇಯ್ ಪಂಕ್ರಾತಿಚ್, ನಾನು ತಮ್ಮ ಪದ್ಧತಿಯನ್ನು ತಿಳಿದಿರಲಿಲ್ಲ. ತಡವಾಗಿದೆ. ಸ್ವೀಕರಿಸಬೇಕು. ಮತ್ತು, ದಯವಿಟ್ಟು, ಆ ಬಾಟಲಿಯನ್ನು ಮತ್ತೆ ಅಲ್ಲಿಯೇ ಇಡಬೇಕು. ನನ್ನ ಮಗಳು ಅದಿಲ್ಲದೆ ಮಲಗುತ್ತಿಲ್ಲ."

ಯೆವ್ಸೇಯ್ ಲೋಟವನ್ನು ನೋಡಿದ. ಇಷ್ಟು ತಿಂಗಳು ಕಾದ ಲೋಟ, ಯಜಮಾನನ ಕೈಯಾರೆ ಸುರಿದದ್ದು, ಅದೂ ಊರೆಲ್ಲ ನೋಡುತ್ತಿರುವಾಗ ಹೊತ್ತು ತಂದದ್ದು. ಕೈ ಚಾಚಿದ. ಚಾಚಿದ ಕೈ ಲೋಟ ದಾಟಿ ಅಮೆರಿಕದವನ ಕೈ ಮೇಲೆ ಕೂತಿತು.

"ಮುದುಕಿ, ಹಾಲು ತಗಂಬಾ. ಇಬ್ಬರಿಗೂ" ಎಂದ.

ಚಳಿಗಾಲದಲ್ಲಿ ಓಮ್ಸ್ಕಿನ ಹಾಲು ಬಟ್ಟಲಿನ ಆಕಾರದಲ್ಲಿ ಕಲ್ಲಾಗಿ ಹೊರಗಿನ ಉಗ್ರಾಣದಲ್ಲಿರುತ್ತದೆ. ಗ್ಲಫೀರಾ ಕೈಕೊಡಲಿಯಿಂದ ಒಂದು ತುಂಡು ಒಡೆದು, ಮಡಕೆಯಲ್ಲಿ ಕರಗಿಸಿ, ಬಿಸಿ ಮಾಡಿ ತಂದಳು. ಒಡೆಯುವಾಗ ಕಣ್ಣಿಂದ ನೀರು ಬಂದು ಕೆನ್ನೆಯ ಮೇಲೆ ಚಳಿಗೆ ಬಿಗಿದುಕೊಂಡಿತು. ಇಬ್ಬರು ಗಂಡಸರೂ ಎದುರುಬದುರು ಕೂತು, ಊದಿ ಊದಿ ಹಾಲು ಕುಡಿದರು. ಯೆವ್ಸೇಯ್‌ನ ಗಡ್ಡಕ್ಕೆ ಮತ್ತೆ ಕೆನೆ ಅಂಟಿತು. ಅವನು ಈ ಸಲ ಒರೆಸಿಕೊಳ್ಳಲಿಲ್ಲ.

"ನನ್ನ ತಮ್ಮ ಯೆಫ್ರೇಮ್‌ಗೂ ನಿಮ್ಮಪ್ಪನ ಹಂಗೇ ಆಯ್ತು ಅಮೋಸ್ ಇವಾನೊವಿಚ್" ಎಂದ. "ನಿಮ್ಮ ಮುಂದೆ ಹೇಳ್ದೆ, ಅಷ್ಟೇ." ಆಮೇಲೆ ಎದ್ದು, ಹೆಪ್ಪುಗಟ್ಟದಿರಲೆಂದು ಮಣ್ಣಿಗೆ ಉಪ್ಪು ಹಾಕಿ ಬಿಸಿನೀರಿನಲ್ಲಿ ಕಲಸಿ, ಬಾಟಲಿಯ ಕತ್ತನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡ. ಏಣಿಯ ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಅಮೆರಿಕದವನು ಹಿಡಿದ. ಇಬ್ಬರೂ ಬೀದಿಯಲ್ಲಿ ಹೊರಟರು.

ಗ್ಲಫೀರಾ ಒಬ್ಬಳೇ ಉಳಿದಳು, ಮೇಜಿನ ಮೇಲೆ ಸುರಿದಿಟ್ಟ ಲೋಟದ ಜೊತೆ. ಯಜಮಾನ ಸುರಿದದ್ದನ್ನು ಒಲೆಗಾರನ ಮನೆಯವರು ಕುಡಿಯದೆ ಬಿಟ್ಟರೆ ಲೆಕ್ಕ ತೀರುವುದಿಲ್ಲ, ಒಲೆಗೆ ಒಳ್ಳೆಯದಲ್ಲ. ಚೆಲ್ಲುವುದಂತೂ ಮಹಾಪಾಪ. ಯಾರಾದರೊಬ್ಬರು ಮಾಡಲೇಬೇಕಾದ ಕೆಲಸ. ಅವಳು ಮೂಲೆಯ ದೇವರ ಪಟದ ಕಡೆ ತಿರುಗಿ ಶಿಲುಬೆ ಗುರುತು ಹಾಕಿಕೊಂಡು, ಲೋಟ ಎತ್ತಿ, ಒಂದೇ ಗುಟುಕಿಗೆ ಮುಗಿಸಿದಳು. ಎದೆಯಿಂದ ಕಾಲಿನವರೆಗೆ ಬೆಚ್ಚಗಾಯಿತು. ಖಾಲಿ ಲೋಟವನ್ನು ಬೋರಲು ಹಾಕಿ ಎದ್ದಳು.

ಅಮೆರಿಕದವರ ಮನೆ ತಲುಪುವ ಹೊತ್ತಿಗೆ ಗಾಳಿ ಎದ್ದಿತ್ತು, ಹೊಗೆಗೂಡು ದೊಡ್ಡ ದನಿಯಲ್ಲಿ ಅಳುತ್ತಿತ್ತು. ಅಡುಗೆಮನೆಯ ಬಾಗಿಲು ತೆರೆಯಲು ಅವಳಿಗೆ ಧೈರ್ಯ ಬರಲಿಲ್ಲ. ಈ ಮನೆಯಲ್ಲಿ ತಾನಿನ್ನು ಯಾರು ಎಂದು ಹೊಸಲಿನಲ್ಲಿ ಸ್ವಲ್ಪ ಹೊತ್ತು ನಿಂತಳು. ಕೊನೆಗೆ ಮೆಲ್ಲಗೆ ತಳ್ಳಿದಳು. ಡೀಲಿಯಾ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಗುಬ್ಬಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿತ್ತು. ಒಲೆಯ ಬಾಯಲ್ಲಿ ಟಿಕೆಟ್ಟಿನ ಸುಟ್ಟ ಮೂಲೆಯೊಂದು ಉಳಿದಿತ್ತು. ಡೀಲಿಯಾಳ ಕಣ್ಣು ಅತ್ತು ಊದಿಕೊಂಡಿದ್ದವು. ಅವಳು ತುಟಿಯ ಮೇಲೆ ಬೆರಳಿಟ್ಟು, ಪಕ್ಕಕ್ಕೆ ಸರಿದು, ಬೆಂಚಿನಲ್ಲಿ ಜಾಗ ಮಾಡಿದಳು.

ಗ್ಲಫೀರಾ ಕೂತಳು. ಡೀಲಿಯಾ ಅವಳ ಕಡೆ ತಿರುಗಿ ಮೂಗರಳಿಸಿದಳು.

"ಚಿಕ್ಕಮ್ಮ, ನಿನ್ನ ಬಾಯಿ ವಾಸನೆ ಹೊಡೀತೈತೆ."

"ನಿಮ್ಮ ಯಜಮಾನ್ರೇ ಸುರಿದದ್ದು ಮಗಳೇ" ಎಂದಳು ಗ್ಲಫೀರಾ. "ಬ್ಯಾಡ ಅನ್ನಕ್ಕಾಗ್ತದಾ?"

ಡೀಲಿಯಾ ನಗು ತಡೆಯಲಾರದೆ ಮಗು ಏಳದ ಹಾಗೆ ಅವಳ ಹೆಗಲಲ್ಲಿ ಮುಖ ಮುಚ್ಚಿಕೊಂಡಳು. ಮೇಲೆ ಮಾಡಿನಲ್ಲಿ ಇಬ್ಬರು ಗಂಡಸರು ಜಾರದ ಹಾಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಇಳಿಯುತ್ತಿರುವ ಸದ್ದು ಕೇಳುತ್ತಿತ್ತು.